ಹೋಗದ ಸೀಟಿಗೂ ತೆರಿಗೆ: ನನ್ನ ಬ್ಯಾಂಕಾಕ್ ಪ್ರವಾಸದ ಲೆಕ್ಕ

ಬ್ಯಾಂಕಾಕ್, ಪಟ್ಟಾಯ ಸುತ್ತಿ ಬಂದದ್ದು ಐದು ದಿನ. ಆ ಐದು ದಿನದ ಲೆಕ್ಕ ಮುಗಿಯಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. 2025ರ ನವೆಂಬರ್ ಕೊನೆಯ ವಾರ ಆದಾಯ ತೆರಿಗೆ ರೀಫಂಡ್ ಜಮಾ ಆದ ಎಸ್‌ಎಂಎಸ್ ಬಂದಾಗ ನಾನು ಕೌಲ್ ಬಜಾರಿನಲ್ಲಿ ಗಿರಾಕಿಯೊಬ್ಬರ ಬಾಗಿಲಲ್ಲಿ ಕ್ರೀಮಿನ ಡೆಮೊ ಡಬ್ಬಿ ಹಿಡಿದು ನಿಂತಿದ್ದೆ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. "ಯಾಕಕ್ಕ, ತಲಿ ತಿರುಗ್ತೈತೇನು, ನೀರು ಕೊಡ್ಲಾ?" ಎಂದು ಆಕೆ ಕೇಳಿದಳು. ಬಳ್ಳಾರಿ ಬಿಸಿಲಿಗೆ ಕೂತೆ ಅಂದುಕೊಂಡಿರಬೇಕು.

ನಾನು ಸೌಂದರ್ಯ ಸಾಮಗ್ರಿ, ಪ್ರೋಟೀನ್ ಪುಡಿ ಮಾರುವ ಡೈರೆಕ್ಟ್ ಸೆಲ್ಲಿಂಗ್ ಕಂಪನಿಯೊಂದರ ಕನ್ಸಲ್ಟಂಟ್. ಕಂಪನಿಯ ಹೆಸರು ಬೇಡ ಬಿಡಿ. ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳು, ಶಾಲೆಯ ಮೇಡಂಗಳು, ನಮ್ಮ ಕಪ್ಪಗಲ್ಲು ರಸ್ತೆಯ ಅಕ್ಕಪಕ್ಕದವರು, ಇವರೇ ನನ್ನ ಗಿರಾಕಿಗಳು. ಅವರು ಆಪ್‌ನಲ್ಲಿ ನನ್ನ ಕೋಡ್ ಹಾಕಿ ಕೊಳ್ಳುತ್ತಾರೆ, ನನಗೆ ಕಮಿಷನ್ ಬರುತ್ತದೆ. ನನ್ನ ಕೈಕೆಳಗೆ ಹದಿನಾಲ್ಕು ಜನರ ಟೀಮ್ ಇದೆ. ಅವರಲ್ಲಿ ಇಬ್ಬರು ಈ ವರ್ಷ ಟ್ರಿಪ್‌ಗೆ ಕ್ವಾಲಿಫೈ ಆಗಿ ಖುಷಿಯಲ್ಲಿದ್ದಾರೆ. ನಾನು ಪಟ್ಟ ಪಾಡು ಅವರು ಪಡಬಾರದು ಅಂತಲೇ ಇದನ್ನು ಬರೆಯಲು ಕೂತದ್ದು.

2024ರ ಏಪ್ರಿಲ್‌ನಲ್ಲಿ ಕಂಪನಿ ಟಾರ್ಗೆಟ್ ಕೊಟ್ಟಿತು. ಆಗಸ್ಟ್ ಒಳಗೆ ಮುಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಥಾಯ್ಲೆಂಡ್, ಜೊತೆಗೆ ಒಂದು ಮೊಬೈಲ್ ಫೋನ್. ಮೇ ತಿಂಗಳ ಉರಿಬಿಸಿಲಲ್ಲಿ ಸ್ಕೂಟಿ ಓಡಿಸಿ, ಮಧ್ಯಾಹ್ನ ಒಗ್ಗರಣಿ ಮಿರ್ಚಿ ತಿಂದೇ ದಿನ ಕಳೆದು ಆ ಟಾರ್ಗೆಟ್ ಮುಟ್ಟಿದೆ. ಹುಬ್ಬಳ್ಳಿಯ ನಮ್ಮ ಅಪ್‌ಲೈನ್ ಅಕ್ಕ, ಅಂದರೆ ಟೀಮ್‌ನಲ್ಲಿ ನನ್ನ ಮೇಲಿನವರು, ಫೋನ್ ಮಾಡಿ, "ಪೂರಾ ಫ್ರೀ ನೋಡವ್ವಾ, ನೀನು ಬರೇ ಬ್ಯಾಗ್ ತುಂಬ್ಕೊಂಡ್ ಬಾ" ಅಂದರು. ಇಬ್ಬರ ಪಾಸ್‌ಪೋರ್ಟಿಗೆ ತಲಾ 1,500 ರೂಪಾಯಿ ಶುಲ್ಕ ಕಟ್ಟಿದೆವು. ಆ ಹೊತ್ತಿಗೆ ಭಾರತೀಯರಿಗೆ ಥಾಯ್ಲೆಂಡ್ ವೀಸಾ ಬೇಕಿರಲಿಲ್ಲ, ಅದೊಂದು ಖರ್ಚು ಉಳಿಯಿತು.

ಮೊದಲ ಪೆಟ್ಟು ಬಿದ್ದದ್ದು ನವೆಂಬರ್ ಕಮಿಷನ್ ಬಂದಾಗ. ಆ ತಿಂಗಳ ಕಮಿಷನ್ 61,000. ಬ್ಯಾಂಕಿಗೆ ಬಂದದ್ದು 38,580. ಆಪ್ ತೆಗೆದು ನೋಡಿದರೆ ಎರಡು ಕಡಿತ. ಒಂದು ಪ್ರತಿ ತಿಂಗಳೂ ಇರುವ ಕಮಿಷನ್ ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮೊದಲೇ ಹಿಡಿದು ನಮ್ಮ ಹೆಸರಲ್ಲಿ ಸರ್ಕಾರಕ್ಕೆ ಕಟ್ಟುವ ತೆರಿಗೆ. ಅದು ಮೊದಲು 5% ಇತ್ತು, 2024ರ ಅಕ್ಟೋಬರ್ 1ರಿಂದ 2% ಆಗಿದೆ. ಇನ್ನೊಂದು 21,200 ರೂಪಾಯಿ, ಮುಂದೆ '194ಆರ್' ಎಂದು ಬರೆದಿತ್ತು. ಅದರ ಮೇಲ್ ಬಂದು ಒಂದು ವಾರ ಆಗಿತ್ತು, ನಾನು ತೆರೆದೇ ಇರಲಿಲ್ಲ. ತೆರೆದರೆ ಲೆಕ್ಕ ಹೀಗಿತ್ತು: ಒಬ್ಬರ ಪ್ರವಾಸಕ್ಕೆ 92,000, ಇಬ್ಬರಿಗೆ 1,84,000. ಫೋನಿಗೆ 28,000. ಒಟ್ಟು 2,12,000. ಅದರ 10% ಕಡಿತ.

ಎರಡು ದಿನ ಊಟ ಸೇರಲಿಲ್ಲ. ಮಗನ ಟ್ಯೂಷನ್ ಫೀಸಿಗೆ ಎಂದು ಇಟ್ಟುಕೊಂಡಿದ್ದ ದುಡ್ಡು ಅದು. ಅಪ್‌ಲೈನ್ ಅಕ್ಕನನ್ನು ಕೇಳಿದರೆ, "ಅದೆಲ್ಲಾ ಗೌರ್ಮೆಂಟ್ ರೂಲ್ಸು, ವಾಪಸ್ ಬರ್ತೈತಿ ತಗೋ" ಎಂದರು. ಯಾವಾಗ, ಹೇಗೆ ಅನ್ನುವುದು ಅವರಿಗೂ ಗೊತ್ತಿರಲಿಲ್ಲ.

ಒಂದು ವಿಷಯಕ್ಕೆ ಕಂಪನಿಯನ್ನು ಬೈಯುವಂತಿಲ್ಲ. ದುಡ್ಡಿನ ಬದಲು ವಸ್ತುವೋ ಪ್ರವಾಸವೋ ಕೊಡುವಾಗ, ಅದನ್ನು ಕೈಗೆ ಕೊಡುವ ಮೊದಲೇ ತೆರಿಗೆ ಕಟ್ಟಿಸಿಕೊಳ್ಳಬೇಕು ಎಂದು ಕಾನೂನೇ ಹೇಳುತ್ತದೆ. ಕೆಲವು ಕಂಪನಿಗಳು ಆ ತೆರಿಗೆಯನ್ನು ತಾವೇ ಹೊರುತ್ತವೆ. ಕೆಲವು ನಮ್ಮಿಂದಲೇ ಮುಂಗಡ ತೆರಿಗೆ ಕಟ್ಟಿಸಿ ಚಲನ್ ತರಿಸಿಕೊಳ್ಳುತ್ತವೆ. ನಮ್ಮದು ಕಮಿಷನ್‌ನಲ್ಲೇ ಹಿಡಿದುಕೊಂಡಿತು. ನಿಮ್ಮ ಕಂಪನಿ ಏನು ಮಾಡುತ್ತದೆ ಎಂದು ಟಾರ್ಗೆಟ್ ಹಿಂದೆ ಬೀಳುವ ಮೊದಲೇ ಕೇಳಿಕೊಳ್ಳಿ. ಪ್ಯಾನ್ ಕೊಡದವರಿಗೆ 10% ಅಲ್ಲ, 20% ಹಿಡಿಯುತ್ತಾರೆ, ಅದೂ ನೆನಪಿರಲಿ.

ಡಿಸೆಂಬರ್ ಮೊದಲ ವಾರ ಹೊರಡಬೇಕು. ನಾಲ್ಕು ದಿನ ಮುಂಚೆ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ನಾನೂ ಹೋಗುವುದಿಲ್ಲ ಎಂದೆ. ಅತ್ತೆ ಹಾಸಿಗೆಯಲ್ಲಿ ಮಲಗಿಕೊಂಡೇ, "ನೀ ದುಡ್ದದ್ದು, ನೀ ಹೋಗು. ಅವನು ಇಲ್ಲೇ ಇರ್ಲಿ, ಅವನೇನು ದುಡ್ದಾನು?" ಅಂದರು. ನಮ್ಮನೆಯವರು ನಕ್ಕರು. ಕಾರ್ಖಾನೆಗೆ ಹಾಕಿದ್ದ ರಜೆ ಆಸ್ಪತ್ರೆಗೆ ಖರ್ಚಾಯಿತು. ನಾನು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಒಬ್ಬಳೇ ವಿಮಾನ ಹತ್ತಿದೆ.

ಹೊರಡುವ ಮೊದಲು ಕಂಪನಿಯ ಏರಿಯಾ ಮ್ಯಾನೇಜರ್‌ಗೆ ವಾಟ್ಸಾಪ್ ಮಾಡಿದ್ದೆ. ಅವರು, "ಸರಿ ಮೇಡಂ, ಆ ಸೀಟು ವೇಟಿಂಗ್ ಲಿಸ್ಟಿನಲ್ಲಿರುವ ಹೊಸಪೇಟೆಯವರಿಗೆ ಕೊಡುತ್ತೇವೆ" ಎಂದು ಉತ್ತರಿಸಿದರು. ಆ ಒಂದು ಸಾಲಿನ ಮೆಸೇಜ್ ಮುಂದೆ ನನ್ನನ್ನು ಉಳಿಸಿತು. ಫೋನಿನಲ್ಲಿ ಮಾತಾಡಿ ಮುಗಿಸಿದ್ದರೆ ಗೋವಿಂದ.

ಪ್ರವಾಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಚೆನ್ನಾಗಿತ್ತು. ಸಮುದ್ರ ನೋಡುವಾಗ ಅತ್ತೆಯ ಕಾಲೇ ಕಣ್ಣ ಮುಂದೆ ಬರುತ್ತಿತ್ತು. ಒಂದು ದಿನ ಎರಡು ಗಂಟೆ ಹಾಲ್‌ನಲ್ಲಿ ಕೂರಿಸಿ ಹೊಸ ಪ್ರಾಡಕ್ಟ್ ಬಗ್ಗೆ ಹೇಳಿದರು. "ಇದು ಬಿಸಿನೆಸ್ ಕಾನ್ಫರೆನ್ಸ್, ಇದಕ್ಕೆ ಟ್ಯಾಕ್ಸ್ ಇಲ್ಲ" ಎಂದು ಪಕ್ಕದವರು ಪಿಸುಗುಟ್ಟಿದರು. ನಾನೂ ನಂಬಿದೆ. ಅದು ಸುಳ್ಳು ಎಂದು ಆಮೇಲೆ ಗೊತ್ತಾಯಿತು.

ಫೆಬ್ರವರಿಯಲ್ಲಿ ಕಂಪನಿ ಫಾರಂ 16ಎ, ಅಂದರೆ ಹಿಡಿದ ಟಿಡಿಎಸ್‌ನ ಪ್ರಮಾಣಪತ್ರ ಕಳಿಸಿತು. ಮತ್ತೆ ತೆರೆಯಲಿಲ್ಲ. ಹೌದು, ಎರಡನೇ ಸಲ. ಬೈಯಿರಿ. ತೆರೆದಿದ್ದರೆ ನಾಲ್ಕು ತಿಂಗಳು ಮೊದಲೇ ತಪ್ಪು ಸಿಗುತ್ತಿತ್ತು.

ಜೂನ್‌ನಲ್ಲಿ ರಿಟರ್ನ್ ಹಾಕಿಸೋಣ ಎಂದು ನಾವು ಯಾವಾಗಲೂ ಹೋಗುವ ಸೈಬರ್ ಸೆಂಟರ್‌ಗೆ ಹೋದೆ. ಹುಡುಗ ಪಾಪ ಒಳ್ಳೆಯವನು. "ಐಟಿಆರ್-4 ಹಾಕ್ತೀನಕ್ಕ, ಆರು ಪರ್ಸೆಂಟ್ ಲಾಭ ತೋರ್ಸಿದ್ರೆ ಮುಗೀತು. ಐದುನೂರು ಕೊಡ್ರಿ" ಅಂದ. ಸಣ್ಣ ವ್ಯಾಪಾರಿಗಳು ಅಂದಾಜು ಲಾಭ ತೋರಿಸಿ ಹಾಕುವ ರಿಟರ್ನ್ ಫಾರಂ ಅದು. ಎಐಎಸ್, ಅಂದರೆ ಇಲಾಖೆಯ ಬಳಿ ನಮ್ಮ ಬಗ್ಗೆ ಇರುವ ವಾರ್ಷಿಕ ಮಾಹಿತಿ ಪಟ್ಟಿ ತೆಗೆದ. ಅದರಲ್ಲಿ 194ಆರ್ ಎದುರು 2,12,000 ಇತ್ತು. "ಇದೇನೋ ಗೊತ್ತಿಲ್ಲಕ್ಕ, ಬಿಟ್ಟುಬಿಡೋಣ" ಅಂದ. ಅವನು ಬಿಡೋಣ ಅಂದರೂ ಕಂಪ್ಯೂಟರ್ ಬಿಡುತ್ತದಾ? ಪ್ರಿಂಟ್ ತೆಗೆಸಿಕೊಂಡು ಎದ್ದು ಬಂದೆ. ಆ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಬೇಕು: ಪ್ಯಾನ್ ನಂಬರ್ ಸಣ್ಣಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ದಿನ, ತಿಂಗಳು, ವರ್ಷ.

ಪಕ್ಕದ ಮನೆಯ ಮೇಷ್ಟ್ರು ಬ್ರೂಸ್‌ಪೇಟೆಯ ಒಬ್ಬ ಆಡಿಟರ್ ಹತ್ತಿರ ಕಳಿಸಿದರು. ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಒಳಗೆ ಕರೆಂಟಿಲ್ಲ, ಫೈಲುಗಳ ನಡುವೆ ಹಿರಿಯರೊಬ್ಬರು ಪೇಪರ್‌ನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನನ್ನ ಕಾಗದ ನೋಡಿ ಮೊದಲ ಮಾತೇ, "ಐಟಿಆರ್-4 ಹಾಕಿಲ್ಲ ಅಲ್ರೀ?" ಅಂತ. ಇಲ್ಲ ಎಂದಾಗ ಉಸಿರು ಬಿಟ್ಟರು. ಕಮಿಷನ್ ಆದಾಯಕ್ಕೆ 44ಎಡಿ ಕಲಂನ ಅಂದಾಜು ಲಾಭದ ಸೌಲಭ್ಯ ಇಲ್ಲವಂತೆ. ನಮ್ಮಂಥವರು ಐಟಿಆರ್-3 ಹಾಕಬೇಕು, ಬಂದದ್ದು ಹೋದದ್ದು ಲೆಕ್ಕ ಇಡಬೇಕು. ನಮ್ಮ ಟೀಮ್‌ನಲ್ಲಿ ಎಷ್ಟು ಜನ ಐಟಿಆರ್-4 ಹಾಕಿದ್ದಾರೋ ದೇವರಿಗೇ ಗೊತ್ತು.

ಪ್ರವಾಸದ ವಿಷಯ ಅವರು ಬಿಡಿಸಿ ಹೇಳಿದ್ದು ಹೀಗೆ. ವ್ಯಾಪಾರದಿಂದ ಸಿಗುವ ಯಾವುದೇ ಲಾಭ, ಅದು ದುಡ್ಡಾಗಿ ಬದಲಾಗಲಿ ಬಿಡಲಿ, ಆದಾಯವೇ. 28ನೇ ಕಲಂನಲ್ಲಿ ಇದು ಹಿಂದಿನಿಂದಲೂ ಇದೆ. ಆದರೆ ಕೊಟ್ಟವರು ಹೇಳುತ್ತಿರಲಿಲ್ಲ, ತಗೊಂಡವರು ತೋರಿಸುತ್ತಿರಲಿಲ್ಲ. 2022ರ ಜುಲೈ 1ರಿಂದ 194ಆರ್ ಬಂದ ಮೇಲೆ, ವರ್ಷಕ್ಕೆ 20,000 ರೂಪಾಯಿ ದಾಟಿದರೆ ಕೊಡುವವರು 10% ಹಿಡಿದು ಇಲಾಖೆಗೆ ಕಟ್ಟಬೇಕು. ಹಾಗಾಗಿ ಈಗ ಎಲ್ಲವೂ ನಮ್ಮ ಪ್ಯಾನ್‌ನಲ್ಲಿ ಕಾಣಿಸುತ್ತದೆ.

"ಹಂಗಾದ್ರೆ ಆಚೆ ವರ್ಷದ ದೀಪಾವಳಿಗೆ ಕೊಟ್ಟ ಮಿಕ್ಸಿಗೂ?" ಎಂದು ಕೇಳಿದೆ.

"ವರ್ಷದ್ದು ಒಟ್ಟು 20,000ದ ಒಳಗಿದ್ರೆ ಟಿಡಿಎಸ್ ಇಲ್ಲ ಅಷ್ಟೇ ಮೇಡಂ. ಆದಾಯ ಅಲ್ಲ ಅಂತ ಅಲ್ಲ."

ಕನ್ಸಲ್ಟಂಟ್ ದರದಲ್ಲಿ ಸಿಗುವ ರಿಯಾಯಿತಿ, ಎರಡು ಕೊಂಡರೆ ಒಂದು ಉಚಿತ, ಇಂಥವಕ್ಕೆ ಈ ಕಡಿತ ಇಲ್ಲ. ಪಟ್ಟಾಯದ ಕಾನ್ಫರೆನ್ಸ್ ಮಾತು ಹೇಳಿದ್ದಕ್ಕೆ ಅವರು ಕನ್ನಡಕದ ಮೇಲಿಂದ ನೋಡಿದರು. ಇಲಾಖೆ 2022ರ ಜೂನ್ 16ರಂದು ಹೊರಡಿಸಿದ 12ನೇ ಸುತ್ತೋಲೆಯಲ್ಲಿ ಇದಕ್ಕೆ ಉತ್ತರ ಇದೆಯಂತೆ. ಮಾಹಿತಿ ಕೊಡಲು ನಡೆಸುವ ಡೀಲರ್ ಸಭೆಯ ಖರ್ಚು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಟಾರ್ಗೆಟ್ ಮುಟ್ಟಿದ ಕೆಲವರಿಗೆ ಮಾತ್ರ ಬಹುಮಾನವಾಗಿ ಕೊಟ್ಟರೆ ಅದು ಬಹುಮಾನವೇ. ಸುತ್ತಾಟದ ಖರ್ಚು, ಜೊತೆಗೆ ಬಂದ ಮನೆಯವರ ಖರ್ಚು ಎಲ್ಲವೂ ಸೇರುತ್ತದೆ.

"ಮನೆಯವರು ಬಂದಿರಲಿಲ್ಲ ಸರ್" ಅಂದೆ.

ಅವರು ಪೇಪರ್ ಬೀಸುವುದು ನಿಲ್ಲಿಸಿದರು. "ಮತ್ತೆ ಇಲ್ಲಿ ಇಬ್ಬರದೂ ಹಾಕ್ಯಾರಲ್ರೀ!"

ಆಗ ಕ್ಯಾಲ್ಕುಲೇಟರ್ ಹೊರಬಂತು. ಬ್ಯಾಂಕ್ ಬಡ್ಡಿಯ ಚಿಲ್ಲರೆ ಬಿಟ್ಟು ಹೇಳುತ್ತೇನೆ. 2024-25ರಲ್ಲಿ ನನ್ನ ಕಮಿಷನ್ 6,70,000. ಖರ್ಚು 1,48,000 ಕಳೆದರೆ 5,22,000. ನನ್ನೊಬ್ಬಳ ಪ್ರವಾಸ ಮತ್ತು ಫೋನ್ ಸೇರಿ 1,20,000. ಒಟ್ಟು ಆದಾಯ 6,42,000. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್, ಅಂದರೆ ತೆರಿಗೆ ಮನ್ನಾ ಇದ್ದುದರಿಂದ ತೆರಿಗೆ ಸೊನ್ನೆ. ನಮ್ಮನೆಯವರ 92,000 ಸೇರಿಸಿದರೆ 7,34,000. ಗೆರೆ ದಾಟಿತು. ತೆರಿಗೆ 23,400, ಅದರ ಮೇಲೆ 4% ಸೆಸ್, ಒಟ್ಟು 24,336 ರೂಪಾಯಿ. ಅಂದರೆ ನಮ್ಮನೆಯವರು ಆಸ್ಪತ್ರೆಯಲ್ಲಿ ಸ್ಟೂಲ್ ಮೇಲೆ ಕೂತು ಕಳೆದ ಐದು ದಿನಕ್ಕೆ ನಾನು 24 ಸಾವಿರ ತೆರಿಗೆ ಕಟ್ಟಬೇಕಿತ್ತು!

ಆ ಸಿಟ್ಟಿಗೆ ಮುಂದಿನ ಮೂರು ತಿಂಗಳು ಓಡಾಡಿದೆ.

ಮೊದಲು ಖರ್ಚಿನ ಕಾಗದ. 1,48,000 ಅಂತ ಸಲೀಸಾಗಿ ಬರೆದೆ, ಅದನ್ನು ಕೂಡಿಸಲು ನಾಲ್ಕು ರಾತ್ರಿ ಹಿಡಿಯಿತು. ಮೀಟಿಂಗಿಗೆ ಹಿಡಿದ ಹಾಲ್ ಬಾಡಿಗೆ, ಸ್ಕೂಟಿ ಪೆಟ್ರೋಲ್, ಡೆಮೊ ಡಬ್ಬಿಗಳು, ಕೊರಿಯರ್, ಫೋನ್ ಬಿಲ್ಲು. ಅರ್ಧಕ್ಕೆ ರಸೀದಿಯೇ ಇರಲಿಲ್ಲ. ಫೋನ್‌ಪೇ ಸ್ಟೇಟ್‌ಮೆಂಟ್ ತೆಗೆದು ಒಂದೊಂದೇ ಸಾಲಿಗೆ ಗುರುತು ಹಾಕಿದೆ. ಕೋಡ್ ಆಕ್ಟಿವ್ ಇರಲಿ ಅಂತ ಪ್ರತಿ ತಿಂಗಳು ನಾನೇ ಕೊಂಡ ಸಾಮಾನುಗಳನ್ನೂ ಬರೆದಿದ್ದೆ. ಆಡಿಟರ್ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿ, "ನೀವು ಮುಖಕ್ಕೆ ಹಚ್ಕೊಂಡಿದ್ದು ವ್ಯಾಪಾರದ ಖರ್ಚಲ್ಲ ಮೇಡಂ" ಎಂದರು. ಪ್ರವಾಸಕ್ಕೆ ಕೊಂಡ ಸೂಟ್‌ಕೇಸೂ ಹೋಯಿತು.

ಜುಲೈ 20ರಂದು ಎರಡು ಕೆಲಸ ಒಟ್ಟಿಗೆ ಮಾಡಿದೆವು. ಎಐಎಸ್‌ನಲ್ಲಿ ಆ ಸಾಲಿನ ಎದುರು 'ಮಾಹಿತಿ ಪೂರ್ತಿ ಸರಿಯಿಲ್ಲ' ಎಂಬ ಆಯ್ಕೆ ಒತ್ತಿ ಸರಿಯಾದ ಮೊತ್ತ ಹಾಕಿದೆವು. ಅದು ಕೊಟ್ಟವರ ಬಳಿ ಖಾತ್ರಿಗೆ ಹೋಗುತ್ತದೆ. ಆದರೆ ಅಷ್ಟಕ್ಕೇ ಬಿಟ್ಟರೆ ಆಗಲಿಲ್ಲ. 26ಎಎಸ್, ಅಂದರೆ ನಮ್ಮ ಪ್ಯಾನ್‌ನಲ್ಲಿ ಜಮಾ ಆದ ಟಿಡಿಎಸ್ ತೋರಿಸುವ ಇಲಾಖೆಯ ಪಟ್ಟಿ, ಅದರಲ್ಲಿರುವ ಅಂಕಿ ಬದಲಾಗಬೇಕೆಂದರೆ ಕಂಪನಿಯೇ ತನ್ನ ಟಿಡಿಎಸ್ ವಿವರಪಟ್ಟಿಯನ್ನು ತಿದ್ದಿ ಹಾಕಬೇಕು. ಹಾಗಾಗಿ ಕಂಪನಿಗೂ ಮೇಲ್ ಕಳಿಸಿದೆವು.

ಕಸ್ಟಮರ್ ಕೇರ್‌ನಿಂದ ಮೊದಲ ಉತ್ತರ ಹನ್ನೊಂದು ದಿನಕ್ಕೆ ಬಂತು: 'ಟಿಕೆಟ್ ಮೊದಲೇ ಖರೀದಿಸಲಾಗಿತ್ತು, ಬದಲಾವಣೆ ಸಾಧ್ಯವಿಲ್ಲ.' ಎರಡನೆಯದು ಅದರದೇ ನಕಲು. ಫೋನ್ ಮಾಡಿದರೆ ಹಾಡು ಕೇಳಿಸುತ್ತಾರೆ. ಏರಿಯಾ ಮ್ಯಾನೇಜರ್ ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು. ಅಪ್‌ಲೈನ್ ಅಕ್ಕ, "ಸುಮ್ನೆ ಕಟ್ಟಿ ಬಿಡವ್ವಾ, ಕಂಪನಿ ಜೊತಿ ಯಾಕೆ ಜಗಳ?" ಎಂದರು. ನನಗೆ ಬೇಸರ ಆದದ್ದು ಅದಕ್ಕೆ. ಟಾರ್ಗೆಟ್ ಸಮಯದಲ್ಲಿ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದವರು ಅವರು.

ಆಡಿಟರ್ ಹೇಳಿದಂತೆ ಮೂರನೇ ಮೇಲ್ ಅನ್ನು ಕಸ್ಟಮರ್ ಕೇರ್‌ಗೆ ಕಳಿಸದೆ, ಫಾರಂ 16ಎ ಕೊನೆಯಲ್ಲಿ ಸಹಿ ಮಾಡಿದ್ದ ಅಕೌಂಟ್ಸ್ ವಿಭಾಗದವರ ಹೆಸರಿಗೆ ಕಳಿಸಿದೆ. ಜೊತೆಗೆ ಮೂರು ಕಾಗದ: ಮ್ಯಾನೇಜರ್‌ರ ವಾಟ್ಸಾಪ್ ಮೆಸೇಜಿನ ಚಿತ್ರ, ಅತ್ತೆಯ ಡಿಸ್ಚಾರ್ಜ್ ಕಾಗದ, ಹೊರಗೆ ಹೋದ ಮುದ್ರೆಯೇ ಇಲ್ಲದ ನಮ್ಮನೆಯವರ ಪಾಸ್‌ಪೋರ್ಟಿನ ಪ್ರತಿ. ಅದೇ ಸೀಟಿನ ಮೊತ್ತವನ್ನು ಹೊಸಪೇಟೆಯವರ ಲೆಕ್ಕಕ್ಕೂ ಹಾಕಿದ್ದೀರಿ, ಒಂದೇ ಸೀಟಿಗೆ ಇಬ್ಬರ ಹತ್ತಿರ ಹಿಡಿದಿದ್ದೀರಿ ಎಂದು ಒಂದೇ ಸಾಲು ಬರೆದೆವು. ಹೊಸಪೇಟೆಯಾಕೆಯನ್ನು ಫೋನಿನಲ್ಲಿ ಕೇಳಿ ಇದನ್ನು ಖಾತ್ರಿ ಮಾಡಿಕೊಂಡಿದ್ದೆ. ಐದನೇ ದಿನಕ್ಕೆ ಉತ್ತರ: 'ಪರಿಶೀಲಿಸಲಾಗುತ್ತಿದೆ.' ಆಗಸ್ಟ್ ಕೊನೆಗೆ: 'ತಿದ್ದುಪಡಿ ಸಲ್ಲಿಸಲಾಗುವುದು.'

ಇತ್ತ ಗಡುವು ಓಡಿ ಬರುತ್ತಿತ್ತು. ನನ್ನ ಪುಣ್ಯಕ್ಕೆ ಆ ವರ್ಷ ಜುಲೈ 31ರ ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು, ಕೊನೆಗೆ ಇನ್ನೊಂದು ದಿನ ಕೊಟ್ಟರು. ಪ್ರತಿ ಬೆಳಿಗ್ಗೆ ಚಹಾಕ್ಕಿಂತ ಮೊದಲು 26ಎಎಸ್ ನೋಡುವುದು ಚಟವಾಯಿತು. "ತಿದ್ದದಿದ್ರೆ?" ಎಂದು ಕೇಳಿದ್ದಕ್ಕೆ ಆಡಿಟರ್, "ನಿಜವಾದ ಮೊತ್ತನೇ ತೋರ್ಸೋಣ, ಕಾಗದ ಐತಲ್ಲ. ನೋಟಿಸ್ ಬಂದ್ರೆ ಉತ್ತರ ಕೊಡೋಣ. ಹೆದರಿ ತಪ್ಪು ಲೆಕ್ಕ ಒಪ್ಕೊಬ್ಯಾಡ್ರಿ" ಎಂದರು. ಸೆಪ್ಟೆಂಬರ್ 9ರ ಬೆಳಿಗ್ಗೆ 2,12,000 ಇದ್ದ ಜಾಗದಲ್ಲಿ 1,20,000 ಕಂಡಿತು. ಅತ್ತೆಗೆ ಕೂಗಿ ಹೇಳಿದೆ. ವಾಕರ್ ಹಿಡಿದು ಬಂದು ಅವರೂ ಫೋನ್ ನೋಡಿದರು. ಏನೂ ಅರ್ಥವಾಗದಿದ್ದರೂ "ದುರ್ಗಮ್ಮ ದೊಡ್ಡಾಕಿ" ಅಂದರು.

ಕಡಿತವಾದ 21,200 ಮಾತ್ರ ಹಾಗೇ ಉಳಿದಿತ್ತು. ಅದರಿಂದ ತೊಂದರೆ ಇಲ್ಲ. ಸರ್ಕಾರಕ್ಕೆ ನನ್ನ ಪ್ಯಾನ್‌ನಲ್ಲೇ ಜಮಾ ಆದ ದುಡ್ಡು, ರಿಟರ್ನ್‌ನಲ್ಲಿ ಪೂರ್ತಿ ಕೇಳಬಹುದು. ಕಮಿಷನ್ ಮೇಲಿನ ಟಿಡಿಎಸ್ 22,400 ಸೇರಿ ಒಟ್ಟು 43,600. ತೆರಿಗೆ ಸೊನ್ನೆ. ಅಷ್ಟೂ ವಾಪಸ್ ಬರಬೇಕು.

ಸೆಪ್ಟೆಂಬರ್ 12ರಂದು ರಿಟರ್ನ್ ಹಾಕಿದೆವು. ಪೋರ್ಟಲ್ ತೆವಳುತ್ತಿತ್ತು, ಮೂರು ಸಲ ಲಾಗೌಟ್ ಆಯಿತು. ಕೊನೆಗೆ ಇ-ವೆರಿಫೈ ಮಾಡಲು ಆಧಾರ್ ಒಟಿಪಿ ಕೇಳಿತು. ನನ್ನ ಆಧಾರ್‌ಗೆ ಇದ್ದದ್ದು ನಮ್ಮನೆಯವರ ನಂಬರ್! ಅವರು ತೋರಣಗಲ್ಲಿನ ಕಡೆ ಶಿಫ್ಟಿನಲ್ಲಿ, ಫೋನ್ ಲಾಕರ್‌ನಲ್ಲಿ. ರಾತ್ರಿ ಅವರು ಬಂದ ಮೇಲೆ ಮುಗಿಸಿದೆ. ವೆರಿಫೈ ಮಾಡಲು ರಿಟರ್ನ್ ಹಾಕಿದ ದಿನದಿಂದ 30 ದಿನ ಸಮಯ ಇರುತ್ತದೆ. ಆದರೆ ಅದನ್ನು ಮರೆತರೆ ರಿಟರ್ನ್ ಹಾಕಿಯೂ ಹಾಕದಂತೆ.

ಇನ್ನೊಂದು ಗಂಟು ಬ್ಯಾಂಕಿನದು. ಪ್ಯಾನ್‌ನಲ್ಲಿ ತವರಿನ ಹೆಸರು, ಬ್ಯಾಂಕಿನಲ್ಲಿ ಗಂಡನ ಮನೆ ಹೆಸರು. ಹೊಂದದಿದ್ದರೆ ಪೋರ್ಟಲ್‌ನಲ್ಲಿ ಖಾತೆ ವ್ಯಾಲಿಡೇಟ್ ಆಗುವುದಿಲ್ಲ, ರೀಫಂಡೂ ಬರುವುದಿಲ್ಲ. ಬ್ಯಾಂಕಿಗೆ ಮೂರು ಸಲ ಅಲೆದು ಹೆಸರು ಸರಿ ಮಾಡಿಸಿದೆ. ಇದನ್ನು ನೀವು ಇವತ್ತೇ ನೋಡಿಕೊಳ್ಳಿ, ನನ್ನ ಹಾಗೆ ಕೊನೆಗಲ್ಲ.

ಈ ಎಲ್ಲಕ್ಕೂ ಆದ ಖರ್ಚು: ಆಡಿಟರ್‌ಗೆ 4,000, ಪ್ರಿಂಟು, ಜೆರಾಕ್ಸು, ಆಟೋ ಸೇರಿ ಆರೇಳು ನೂರು. ಓಡಾಟದಲ್ಲಿ ತಪ್ಪಿದ ವ್ಯಾಪಾರ ಲೆಕ್ಕ ಹಾಕಿಲ್ಲ.

ಈ ವರ್ಷ ಕ್ವಾಲಿಫೈ ಆದ ನಮ್ಮ ಟೀಮ್‌ನ ಇಬ್ಬರಿಗೆ ಒಂದು ಮಾತು. 2025-26ರಿಂದ ಹೊಸ ಪದ್ಧತಿಯಲ್ಲಿ ರಿಬೇಟಿನ ಆದಾಯ ಮಿತಿ 12 ಲಕ್ಷಕ್ಕೆ ಏರಿದೆ, ನಮ್ಮಲ್ಲಿ ಹೆಚ್ಚಿನವರಿಗೆ ತೆರಿಗೆಯೇ ಬರಲಿಕ್ಕಿಲ್ಲ. ಅದಕ್ಕೇ ಜನ ರಿಟರ್ನ್ ಯಾಕೆ ಅನ್ನುತ್ತಿದ್ದಾರೆ. ಟಿಡಿಎಸ್ ಹಿಡಿಯುವುದು ನಿಂತಿಲ್ಲವಲ್ಲ, ರಿಟರ್ನ್ ಹಾಕದಿದ್ದರೆ ಹಿಡಿದದ್ದು ಅಲ್ಲೇ ಉಳಿಯುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರಿಂದ ಕಲಂ ನಂಬರುಗಳು ಬದಲಾಗುತ್ತವೆ, 194ಆರ್ ಎಂದು ಹುಡುಕಿ ಸಿಗದಿದ್ದರೆ ಗಾಬರಿಯಾಗಬೇಡಿ. ಇನ್ನು ಪ್ರವಾಸದ ಮೌಲ್ಯ ಎಷ್ಟು, ಯಾರ್‍ಯಾರ ಹೆಸರಲ್ಲಿ ಎಂಬುದನ್ನು ವಿಮಾನ ಹತ್ತುವ ಮೊದಲೇ ಬರಹದಲ್ಲಿ ತರಿಸಿಕೊಳ್ಳಿ. ಅದರಲ್ಲಿ ಜಿಎಸ್‌ಟಿ ಸೇರಿಸಿದ್ದಾರಾ ನೋಡಿ, ಸೇರಿಸಬಾರದು. ಬಂದ ಮೇಲ್ ತೆರೆಯಿರಿ, ಮಾರಾಯ್ತಿ!

ನನಗೆ ಬಂದದ್ದು 45,340. ಎಂಟು ತಿಂಗಳ ಬಡ್ಡಿ 1,744 ಸೇರಿಸಿ ಹತ್ತಕ್ಕೆ ಸರಿಹೊಂದಿಸಿದ್ದಾರೆ. ಆಡಿಟರ್‌ಗೆ ಫೋನ್ ಮಾಡಿ ಹೇಳಿದೆ. "ಚಲೋ ಆತು ಮೇಡಂ" ಅಂದವರು ಫೋನ್ ಇಡುವ ಮೊದಲು, "ಆ ಬಡ್ಡಿ ಮುಂದಿನ ರಿಟರ್ನ್‌ನಾಗ ಆದಾಯ ಅಂತ ತೋರಿಸ್ಬೇಕು, ಮರೀಬ್ಯಾಡ್ರಿ" ಎಂದರು. ನೋಟ್‌ಬುಕ್ಕಿನ ಹೊಸ ಪುಟದ ಮೊದಲ ಸಾಲಿನಲ್ಲಿ ಬರೆದಿಟ್ಟಿದ್ದೇನೆ.